ಕಂಪ್ಯೂಟರಿಗೊಂದು ಒತ್ತಕ್ಷರ

ಹೋಳಿಗೆಯ ರುಚಿಯ ಬಗ್ಗೆ ಮಾತಾಡುವವರು ಬಹಳ ಜನ. ಬೇಳೆ ಎಷ್ಟು ಬೇಯಬೇಕು, ಕಣಕ ಎಷ್ಟು ಹೊತ್ತು ನೆನೆಯಬೇಕು ಎಂದು ಕೇಳುವವರು ಕಡಿಮೆ. ಕಂಪ್ಯೂಟರಿನ ವಿಷಯದಲ್ಲೂ ಹಾಗೆಯೇ. ‘ಒಂದು ಪ್ರೋಗ್ರಾಂ ಬರೆದೆ’ ಎಂದರೆ ಅದೇನು ಮಾಡುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಬರೆಯುವ ಮೊದಲು ಕಂಪ್ಯೂಟರನ್ನು ಅದಕ್ಕೆ ಅಣಿ ಮಾಡಿಕೊಳ್ಳಲು ಎಷ್ಟು ರಾತ್ರಿ ಹೋಯಿತು ಎಂದು ಯಾರೂ ಕೇಳುವುದಿಲ್ಲ. ಕೇಳದಿದ್ದರೂ ಹೇಳುವುದು ಮಾಸ್ತರಿಕೆಯ ಗುಣ. ಹಾಗಾಗಿ ಹೇಳುತ್ತಿದ್ದೇನೆ.

ನಾನು ಬಿ.ಎ., ಬಿ.ಎಡ್. ಓದಿದವಳು. ಕನ್ನಡ ಮತ್ತು ಸಮಾಜ ವಿಜ್ಞಾನ ಕಲಿಸುತ್ತೇನೆ. ಇಂಥವಳಿಗೆ ಪ್ರೋಗ್ರಾಂ ಬರೆಯುವ ಉಸಾಬರಿ ಯಾಕೆ ಬಂತು ಎಂದರೆ ಅದಕ್ಕೆ ಕಾರಣ ನಮ್ಮ ಶಾಲೆಯ ಕಬ್ಬಿಣದ ಕಪಾಟು. ಅದರೊಳಗೆ ಹನ್ನೊಂದು ದಾಖಲಾತಿ ರಿಜಿಸ್ಟರುಗಳಿವೆ. ನಮ್ಮ ಉತ್ತರ ಕನ್ನಡ ಜಿಲ್ಲೆ 1956ರವರೆಗೆ ಮುಂಬಯಿ ಸರಕಾರಕ್ಕೆ ಸೇರಿತ್ತಲ್ಲ, ಮೊದಲೆರಡು ಆ ಕಾಲದವು. ಶಿರಸಿ ಸೀಮೆಯ ಮಳೆ ಎಂದರೆ ಗೊತ್ತಲ್ಲ? ಕಪಾಟಿನೊಳಗೆ ಇಟ್ಟ ಕಾಗದವೂ ಹಪ್ಪಳ ಮೆತ್ತಗಾದ ಹಾಗೆ ಆಗುತ್ತದೆ. ಗೆದ್ದಲಂತೂ ಯಾವ ಸರಕಾರದ ಕಾಲದ್ದು ಎಂದು ನೋಡಿ ತಿನ್ನುವುದಿಲ್ಲ.

ಈಗಿನ ಮಕ್ಕಳ ವಿವರವೆಲ್ಲ ಸರಕಾರದ ‘ಸ್ಯಾಟ್ಸ್’ ವ್ಯವಸ್ಥೆಯಲ್ಲಿ ದಾಖಲಾಗುತ್ತದೆ. ಹಳಬರದು ಈ ರಿಜಿಸ್ಟರುಗಳಲ್ಲಿ ಮಾತ್ರ. ಮೂರು ವರ್ಷದ ಹಿಂದೆ ಒಬ್ಬ ಹೆಂಗಸು ಬಂದಿದ್ದಳು. ಮಗನ ಜಾತಿ ಪ್ರಮಾಣಪತ್ರಕ್ಕೆ ಅವನ ಅಪ್ಪನ ಶಾಲಾ ದಾಖಲೆ ಕೇಳಿದ್ದರು. ಅಪ್ಪ ತೀರಿಹೋಗಿದ್ದ. ಯಾವ ಇಸವಿಯಲ್ಲಿ ಶಾಲೆಗೆ ಸೇರಿದ್ದ ಎಂದರೆ, “ಅದೆಲ್ಲ ನಂಗೆ ಹ್ಯಾಂಗೆ ಗೊತ್ತಾಗ್ಬೇಕು ಅಕ್ಕೋರೇ, ನಾನು ಮದುವೆಯಾಗಿ ಬಂದವಳು” ಎಂದಳು. ನ್ಯಾಯವಾದ ಮಾತು. ಹೆಡ್‌ಮಾಸ್ತರರೂ ನಾನೂ ಸೇರಿ ಪುಟ ಮಗುಚಿದೆವು. ಅವಳು ಮೂರು ಸಲ ಬಂದು ಹೋದ ಮೇಲೆ ಹೆಸರು ಸಿಕ್ಕಿತು. ಬಸ್ಸು ಹೆಂಗಸರಿಗೆ 2023ರಿಂದ ಪುಕ್ಕಟೆ ಆಗಿದೆ, ಸರಿ. ಮೂರು ದಿನದ ಅಡಿಕೆ ಸುಲಿಯುವ ಕೂಲಿ ಪುಕ್ಕಟೆ ಬರುತ್ತದೆಯೆ?

ಆಗ ನನಗೆ ಅನಿಸಿದ್ದು ಇಷ್ಟೆ. ಹೆಸರು, ಅಪ್ಪನ ಹೆಸರು, ಊರು ಇವುಗಳಲ್ಲಿ ಯಾವುದೊಂದನ್ನು ಬೆರಳಚ್ಚಿಸಿದರೂ ‘ಇಂಥ ರಿಜಿಸ್ಟರು, ಇಂಥ ಪುಟ’ ಎಂದು ಹೇಳುವ ಒಂದು ಸೂಚಿ ಬೇಕು. ದಾಖಲೆ ಎಂದರೆ ರಿಜಿಸ್ಟರೇ. ಅದರ ಜಾಗಕ್ಕೆ ಕಂಪ್ಯೂಟರನ್ನು ಕೂರಿಸುವ ಅಧಿಕಾರ ನನಗಿಲ್ಲ, ಕೂರಿಸುವ ಆಸೆಯೂ ಇಲ್ಲ. ಪುಟ ತೋರಿಸಿದರೆ ಸಾಕು.

ಬೆಂಗಳೂರಿನಲ್ಲಿರುವ ಅಣ್ಣನ ಮಗ ಅಡಿಕೆ ಕೊಯ್ಲಿಗೆ ಊರಿಗೆ ಬಂದಾಗ ಈ ವಿಷಯ ತೆಗೆದೆ. “ಅತ್ತೆ, ಈಗೆಲ್ಲ ಡೆಸ್ಕ್‌ಟಾಪ್ ಆ್ಯಪ್ ಯಾರು ಬರೀತಾರೆ? ವೆಬ್ಬಿಗೆ ಹಾಕಿಬಿಡು, ಎಲ್ಲಿಂದ ಬೇಕಾದರೂ ನೋಡಬಹುದು” ಎಂದ. ಎಲ್ಲಿಂದ ಬೇಕಾದರೂ ಯಾರು ಬೇಕಾದರೂ ನೋಡಬಹುದು ಎಂಬುದೇ ನನಗೆ ಬೇಡವಾಗಿತ್ತು. ಆ ಪುಟಗಳಲ್ಲಿ ಜಾತಿ ಇದೆ, ಹುಟ್ಟಿದ ದಿನ ಇದೆ, ‘ತಂದೆ ಇಲ್ಲ’ ಎಂಬ ಷರಾ ಇದೆ. ಊರಿನ ಜನ ನಂಬಿ ಶಾಲೆಗೆ ಕೊಟ್ಟ ವಿವರ ಶಾಲೆಯ ಗೋಡೆಯೊಳಗೇ ಇರಬೇಕು. ಅಲ್ಲದೆ ಮೋಡ ಕವಿದರೆ ಸಿಗ್ನಲ್ ಹೋಗುವ ಊರು ನಮ್ಮದು. ವೆಬ್ಬಿನಲ್ಲಿ ಜಾಗ ಹಿಡಿದರೆ ವರ್ಷ ವರ್ಷ ಬಾಡಿಗೆ ಕಟ್ಟಬೇಕು. ನಾನು ನಿವೃತ್ತಳಾದ ಮೇಲೆ ಅದನ್ನು ಕಟ್ಟುವವರು ಯಾರು? ಇದನ್ನೆಲ್ಲ ಹೇಳಿದ ಮೇಲೆ ಅವನು, “ಹಾಗಾದರೆ ಡೆಸ್ಕ್‌ಟಾಪೇ ಸರಿ” ಎಂದು ಒಪ್ಪಿದ. ಒಪ್ಪದೆ ಏನು ಮಾಡುತ್ತಾನೆ, ನನ್ನ ಕೈಯಲ್ಲೇ ಕಾಗುಣಿತ ಕಲಿತವನು.

ಮನೆಯಲ್ಲಿ ಮಗ ಇಂಜಿನಿಯರಿಂಗ್ ಓದುವಾಗ ಕೊಂಡ ಕಂಪ್ಯೂಟರೊಂದು ಹಳೆ ಸೀರೆಯ ತುಂಡು ಹೊದ್ದು ಮಲಗಿತ್ತು. ವಿಂಡೋಸ್ 7 ಇದ್ದ ಯಂತ್ರ. ಅದಕ್ಕೆ ಕಂಪನಿಯ ಬೆಂಬಲ 2020ರ ಜನವರಿಗೇ ಮುಗಿದಿತ್ತು. ಆಮೇಲಿನ ವಿಂಡೋಸ್ 10ರ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಣವೆಂದರೆ ಅದು ಟಿಪಿಎಂ 2.0 ಎಂಬ ಭದ್ರತೆಯ ಚಿಪ್ಪನ್ನು ಕೇಳುತ್ತದೆ. ಹಳೆಯ ಯಂತ್ರದಲ್ಲಿ ಅದು ಎಲ್ಲಿಂದ ಬರಬೇಕು? ನೆಟ್ಟಗೆ ನಡೆಯುವ ಎತ್ತನ್ನು ಹಲ್ಲು ನೋಡಿ ಕಸಾಯಿಖಾನೆಗೆ ಕಳಿಸಿದ ಹಾಗೆ, ಸರಿಯಾಗಿರುವ ಕಂಪ್ಯೂಟರನ್ನು ಗುಜರಿಗೆ ಹಾಕಲು ಮನಸ್ಸು ಬರಲಿಲ್ಲ. ಇಲಾಖೆಯ ಕಂಪ್ಯೂಟರ್ ತರಬೇತಿಯಲ್ಲಿ ಉಬುಂಟು ನೋಡಿದ್ದೆ. ಅದರದೇ ಬಳಗದ ಲಿನಕ್ಸ್ ಮಿಂಟ್ 22 ಹಾಕುವುದೆಂದು ನಿಶ್ಚಯಿಸಿದೆ. ಇದು 2024ರಲ್ಲಿ ಬಂದದ್ದು, 2029ರವರೆಗೆ ಬೆಂಬಲ ಇದೆ. ಹಣ ಕೊಡಬೇಕಾಗಿಲ್ಲ. ಅದರಲ್ಲೂ ‘ಎಕ್ಸ್‌ಎಫ್‌ಸಿಇ’ ಎಂಬ ಹಗುರ ರೂಪ ಹಳೆಯ ಯಂತ್ರಕ್ಕೆ ಒಗ್ಗುತ್ತದೆ.

ಶಿರಸಿಯ ಅಂಗಡಿಯ ಹುಡುಗ ಹಳೆಯ ಹಾರ್ಡ್ ಡಿಸ್ಕ್ ತೆಗೆದು 240 ಜಿಬಿಯ ಎಸ್‌ಎಸ್‌ಡಿ ಕೂರಿಸಿದ. ನಾಲ್ಕು ಜಿಬಿ ಇದ್ದ ಮೆಮೊರಿ ಎಂಟಾಯಿತು. ಹಳೆಯ ಯಂತ್ರಕ್ಕೆ ಖರ್ಚು ಮಾಡುವುದಿದ್ದರೆ ಮೊದಲು ಈ ಎರಡಕ್ಕೆ ಮಾಡಬೇಕು ಎಂಬುದು ನನ್ನ ಅಭಿಪ್ರಾಯ. ಹಾರ್ಡ್ ಡಿಸ್ಕಿನಲ್ಲಿ ತಟ್ಟೆ ತಿರುಗಬೇಕು, ಮುಳ್ಳು ಹುಡುಕಬೇಕು. ಎಸ್‌ಎಸ್‌ಡಿಯಲ್ಲಿ ತಿರುಗುವುದು ಏನೂ ಇಲ್ಲ. ಮೊದಲು ಕಂಪ್ಯೂಟರ್ ಶುರು ಮಾಡಿ ಚಹಾ ಕಾಸಿ ಕುಡಿದು ಬರುತ್ತಿದ್ದೆ. ಈಗ ಪಾತ್ರೆ ಒಲೆಯ ಮೇಲಿಡುವಷ್ಟೂ ಪುರುಸೊತ್ತು ಕೊಡುವುದಿಲ್ಲ.

ಮಿಂಟನ್ನು ಹಾಕುವುದು ಸುಲಭ. ಸುಮಾರು ಮೂರು ಜಿಬಿಯ ಒಂದು ಕಡತವನ್ನು ಇಳಿಸಿಕೊಂಡು, ಅದು ಪೂರ್ತಿಯಾಗಿ, ಕೆಡದೆ ಬಂದಿದೆಯೋ ಎಂದು ಅವರೇ ಕೊಟ್ಟಿರುವ ಉದ್ದನೆಯ ಸಂಖ್ಯೆಯೊಂದಿಗೆ ತಾಳೆ ನೋಡಿ, ಪೆನ್‌ಡ್ರೈವಿಗೆ ಏರಿಸಬೇಕು. ಪೆನ್‌ಡ್ರೈವಿನಿಂದಲೇ ಕಂಪ್ಯೂಟರನ್ನು ಶುರು ಮಾಡಿ, ಒಳಗೆ ಏನನ್ನೂ ಹಾಕದೆ, ಎಲ್ಲ ನಡೆಯುತ್ತದೆಯೋ ಎಂದು ಮೊದಲು ನೋಡಬಹುದು. ಗಂಡು ಹೆಣ್ಣು ಒಪ್ಪಿದ ಮೇಲೇ ನಿಶ್ಚಿತಾರ್ಥ. ಈ ಸೌಲಭ್ಯ ನನಗೆ ಬಹಳ ಹಿಡಿಸಿತು.

ಕನ್ನಡ ಬರೆಯುವ ವ್ಯವಸ್ಥೆಗೆ ಒಂದು ಸಂಜೆ ಹೋಯಿತು. ಐಬಸ್ ಎಂಬ ಬೆರಳಚ್ಚಿನ ಸಲಕರಣೆ, ಅದರ ಜೊತೆಗೆ ‘ಎಂ17ಎನ್’ ಎಂಬ ಕೀಲಿಮಣೆಗಳ ಕಟ್ಟು ಹಾಕಿದರೆ ‘ಕೆಜಿಪಿ’ ಎಂಬ ಹೆಸರಿನಲ್ಲಿ ನಮ್ಮ ನುಡಿಯ ಕೀಲಿಮಣೆಯೇ ಸಿಗುತ್ತದೆ. ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸ ಅದು. ಎಫ್ ಕೀಲಿ ಒತ್ತಿದರೆ ಒತ್ತಕ್ಷರಕ್ಕೆ ದಾರಿ. ಬೆರಳಿಗೆ ರೂಢಿಯಾದದ್ದೇ ಸಿಕ್ಕಿದ್ದರಿಂದ ತವರಿಗೆ ಬಂದಂತಾಯಿತು. ಅಕ್ಷರರೂಪಗಳಲ್ಲಿ ಗುಬ್ಬಿ, ನವಿಲು ಎಂಬ ಹೆಸರಿನವಿವೆ. ಹೆಸರು ನೋಡಿಯೇ ಎರಡನ್ನೂ ಹಾಕಿಕೊಂಡೆ.

ಇಷ್ಟಾದ ಮೇಲೆ ಪ್ರೋಗ್ರಾಂ ಬರೆಯುವ ಭಾಷೆ. ಪೈಥಾನ್ ಮಿಂಟಿನೊಳಗೆ ಮೊದಲೇ ಇರುತ್ತದೆ. ಗಿಡೊ ವಾನ್ ರಾಸಮ್ ಎಂಬ ಡಚ್ ಮನುಷ್ಯ 1991ರಲ್ಲಿ ಹೊರತಂದ ಭಾಷೆ ಇದು. ಇದರಲ್ಲಿ ಸಾಲಿನ ಮುಂದೆ ಬಿಡುವ ಜಾಗಕ್ಕೂ ಅರ್ಥವಿದೆ. ಮಾರ್ಜಿನ್ ಬಿಡದ ಹುಡುಗರ ಜೊತೆ ಮೂವತ್ತು ವರ್ಷ ಗುದ್ದಾಡಿದ ನನಗೆ ಇಂಥ ಭಾಷೆ ಇಷ್ಟವಾಗದೆ ಇರುತ್ತದೆಯೆ? ಪರದೆಯ ಮೇಲೆ ಕಿಟಕಿ, ಗುಂಡಿ, ಬರೆಯುವ ಪೆಟ್ಟಿಗೆ ಇವನ್ನೆಲ್ಲ ಮೂಡಿಸಲು ಪೈಥಾನಿನ ಪಾಠಪುಸ್ತಕಗಳು ಮೊದಲು ಹೇಳಿಕೊಡುವುದು ಟಿಕೆಇಂಟರ್ ಎಂಬ ಸಲಕರಣೆಯನ್ನು. ಸರಳವಾದದ್ದು, ಹಗುರವಾದದ್ದು. ಹತ್ತು ಸಾಲಿನಲ್ಲಿ ಒಂದು ಕಿಟಕಿ ಎದ್ದು ನಿಂತಿತು. ಒಳಗೆ ಒಂದು ಹೆಸರು ಬರೆದೆ: ಲಕ್ಷ್ಮಿ.

ಮೂಡಿದ್ದು ಲಕ್ಷ್ಮಿಯಲ್ಲ. ಲ ಒಂದು ಕಡೆ, ಕ ಒಂದು ಕಡೆ, ಪಕ್ಕದಲ್ಲಿ ಸ್ವರ ಕಳೆಯುವ ಹಲಂತದ ಕೊಕ್ಕೆ, ಷ, ಮತ್ತೊಂದು ಕೊಕ್ಕೆ, ಮ, ಆಮೇಲೆ ತಲೆ ಕಳೆದುಕೊಂಡ ಗುಡಿಸು. ಒಂದನೆಯ ತರಗತಿಯ ಮಕ್ಕಳು ಪ್ರಾರ್ಥನೆಗೆ ಸಾಲಾಗಿ ನಿಂತ ಹಾಗೆ ಎಲ್ಲ ಅಕ್ಷರಗಳೂ ಬಿಡಿಬಿಡಿಯಾಗಿ ನಿಂತಿದ್ದವು.

ಇದು ಯಾಕೆ ಹೀಗೆ ಎಂಬುದು ಸ್ವಾರಸ್ಯವಾಗಿದೆ. ಯೂನಿಕೋಡಿನಲ್ಲಿ ಕನ್ನಡಕ್ಕೆ 128 ಮನೆಗಳನ್ನು ಬಿಟ್ಟಿದ್ದಾರೆ. ಅದರಲ್ಲಿ ಒತ್ತಕ್ಷರಗಳಿಗೆ ಪ್ರತ್ಯೇಕ ಮನೆ ಇಲ್ಲ. ‘ಲಕ್ಷ್ಮಿ’ ಎಂಬುದನ್ನು ಕಂಪ್ಯೂಟರು ಏಳು ಚಿಹ್ನೆಗಳಾಗಿ ಇಟ್ಟುಕೊಳ್ಳುತ್ತದೆ. ಪೈಥಾನನ್ನು ಕೇಳಿದರೆ ಈ ಹೆಸರಿನ ಉದ್ದ ಏಳು ಎನ್ನುತ್ತದೆ. ನಮ್ಮ ಲೆಕ್ಕದಲ್ಲಿ ಅಕ್ಷರ ಎರಡೇ, ಲ ಮತ್ತು ಕ್ಷ್ಮಿ. ನಾವು ತರಗತಿಯಲ್ಲಿ ವರ್ಣ ಬಿಡಿಸಿದರೆ ಲ್, ಅ, ಕ್, ಷ್, ಮ್, ಇ ಎಂದು ಆರು. ಮೂರು ಲೆಕ್ಕವೂ ಸರಿಯೇ. ನಾವು ವ್ಯಂಜನಕ್ಕೆ ಸ್ವರ ಕೂಡಿಸುತ್ತೇವೆ; ಕಂಪ್ಯೂಟರು ವ್ಯಂಜನದೊಳಗೆ ಅ ಇದೆ ಎಂದೇ ಹಿಡಿದು, ಬೇಡವಾದಲ್ಲಿ ಹಲಂತ ಹಾಕಿ ಅದನ್ನು ಕಳೆಯುತ್ತದೆ. ಹೀಗೆ ಬಿಡಿಸಿಟ್ಟ ಏಳನ್ನು ಓದಿ, ಯಾವುದು ಯಾವುದರ ಕೆಳಗೆ ಹೋಗಬೇಕು, ಯಾವ ಗುಣಿತ ಯಾವುದರ ತಲೆಯ ಮೇಲೆ ಕೂರಬೇಕು ಎಂದು ಜೋಡಿಸುವುದು ಇನ್ನೊಬ್ಬನ ಕೆಲಸ. ವಿಂಡೋಸಿನಲ್ಲಿ ಆ ಕೆಲಸವನ್ನು ವಿಂಡೋಸೇ ಮಾಡಿಕೊಡುವುದರಿಂದ ಇದೇ ಟಿಕೆಇಂಟರ್ ಅಲ್ಲಿ ಲಕ್ಷ್ಮಿಯನ್ನು ಸರಿಯಾಗಿ ಬರೆಯುತ್ತದೆ. ಲಿನಕ್ಸಿನಲ್ಲಿ ಅದರ 8.6ನೆಯ ಆವೃತ್ತಿ ಅಕ್ಷರಗಳನ್ನು ಒಂದರ ಪಕ್ಕ ಒಂದು ಇಡುತ್ತದೆ, ಜೋಡಿಸುವುದಿಲ್ಲ. ಇಂಗ್ಲಿಷಿಗೆ ಅಷ್ಟು ಸಾಕಲ್ಲ. ಟಿಕೆಯನ್ನು ಜಾನ್ ಔಸ್ಟರ್‌ಹೌಟ್ ಎಂಬವರು ಅಮೆರಿಕದ ಬರ್ಕ್ಲಿಯಲ್ಲಿ ಕಟ್ಟಿದಾಗ ಅವರೆದುರು ನಮ್ಮ ಒತ್ತಕ್ಷರ ಇರಲಿಲ್ಲ. ಅವರನ್ನು ದೂರಲಾಗದು.

ಅಣ್ಣನ ಮಗನಿಗೆ ಫೋನು ಮಾಡಿದೆ. “ಅರ್ಥ ಆಗ್ತದಲ್ಲ ಅತ್ತೆ, ಹುಡುಕೋದಕ್ಕೆ ಏನೂ ತೊಂದರೆ ಇಲ್ಲ, ಒಳಗೆ ಸರಿಯಾಗೇ ಇರ್ತದೆ” ಎಂದ. ಅವನು ಹೇಳಿದ್ದು ನಿಜವೇ. ಆದರೆ ಬಂದು ನಿಂತ ಹೆಂಗಸಿಗೆ ಅವಳ ಗಂಡನ ಹೆಸರನ್ನು ಪರದೆಯ ಮೇಲೆ ತೋರಿಸಿ, ‘ಇವರೇನಾ ನೋಡಮ್ಮ’ ಎಂದು ಕೇಳುವಾಗ ಆ ಹೆಸರು ಕೈಕಾಲು ಕತ್ತರಿಸಿದಂತೆ ಇದ್ದರೆ ಹೇಗೆ? ಅವಳಿಗೆ ಓದಲು ಬರುವುದೇ ಅಷ್ಟಿಷ್ಟು. ಒತ್ತಕ್ಷರ ತಪ್ಪಿದರೆ ಅರ್ಧ ಅಂಕ ಕಳೆಯುತ್ತಾ ಬಂದವಳು ನಾನು. ನನ್ನ ಪ್ರೋಗ್ರಾಮಿಗೇ ರಿಯಾಯಿತಿ ಕೊಟ್ಟರೆ ನಾಳೆ ಮಕ್ಕಳಿಗೆ ಯಾವ ಮುಖ ಇಟ್ಟುಕೊಂಡು ಕಳೆಯಲಿ?

ಹಾಗಾಗಿ ಬೇರೆ ಸಲಕರಣೆ ಹುಡುಕಿದ್ದಾಯಿತು. ನಾರ್ವೆ ದೇಶದಲ್ಲಿ ಹುಟ್ಟಿ 1995ರಲ್ಲಿ ಹೊರಬಂದ ಒಂದು ಸಲಕರಣೆ ಇದೆ. ಇಂಗ್ಲಿಷಿನಲ್ಲಿ ಬರೆಯುವುದು ಕ್ಯೂ ಮತ್ತು ಟಿ ಎಂಬ ಎರಡೇ ಅಕ್ಷರ, ಕರೆಯುವುದು ‘ಕ್ಯೂಟ್’ ಎಂದು. ಅದನ್ನು ಪೈಥಾನಿನಿಂದ ಬಳಸುವ ಸೇತುವೆಯ ಹೆಸರು ಪೈಸೈಡ್. ಕ್ಯೂಟ್ ಅಕ್ಷರ ಜೋಡಿಸುವ ಕೆಲಸವನ್ನು ಹಾರ್ಫ್‌ಬಜ್ ಎಂಬ ತಂತ್ರಾಂಶಕ್ಕೆ ಒಪ್ಪಿಸುತ್ತದೆ. ಪಾರಸಿಯಲ್ಲಿ ಹರ್ಫ್ ಎಂದರೆ ಅಕ್ಷರ, ಬಾಜ್ ಎಂದರೆ ತೆರೆದದ್ದು. ಅರಬ್ಬಿ, ಪಾರಸಿ ಲಿಪಿಗಳ ಕಷ್ಟ ಉಂಡ ಜನ ಕೈಹಾಕಿದ ಕೆಲಸವಾದ್ದರಿಂದಲೋ ಏನೋ ಅದಕ್ಕೆ ನಮ್ಮ ಕಷ್ಟವೂ ತಿಳಿಯುತ್ತದೆ.

ಆದರೆ ಪೈಸೈಡನ್ನು ಒಳಗೆ ತರುವುದಕ್ಕೆ ‘ಪಿಪ್ ಇನ್‌ಸ್ಟಾಲ್’ ಎಂದು ಆಜ್ಞೆ ಕೊಟ್ಟರೆ, ಈ ಪೈಥಾನ್ ಬೇರೆಯವರ ಉಸ್ತುವಾರಿಯಲ್ಲಿದೆ, ಇಲ್ಲಿ ಕೈ ಹಾಕಬೇಡ ಎಂಬ ಅರ್ಥದ ದೊಡ್ಡ ಸಂದೇಶ ಬರುತ್ತದೆ. ಕೆಲವರು ಇದನ್ನು ನೋಡಿ ಗಾಬರಿಯಾಗುತ್ತಾರೆ, ಕೆಲವರು ಒತ್ತಾಯದಿಂದ ಮುರಿದು ನುಗ್ಗುತ್ತಾರೆ. ಎರಡೂ ಬೇಡ. ಮಿಂಟಿನ ಎಷ್ಟೋ ಕೆಲಸಗಳು ಅದೇ ಪೈಥಾನಿನ ಮೇಲೆ ನಡೆಯುತ್ತಿರುತ್ತವೆ. ಅದು ನಮ್ಮ ಅಜ್ಜಿಯ ಮಡಿ ಅಡಿಗೆಮನೆ ಇದ್ದ ಹಾಗೆ. ನಮ್ಮ ಪ್ರಯೋಗಗಳಿಗೆ ಹಿತ್ತಿಲಲ್ಲಿ ಬೇರೆ ಒಲೆ ಹೂಡಬೇಕು. ಆ ಬೇರೆ ಒಲೆಗೆ ‘ವರ್ಚುವಲ್ ಎನ್ವಿರಾನ್‌ಮೆಂಟ್’ ಎನ್ನುತ್ತಾರೆ. ನಮ್ಮ ಕೆಲಸದ ಕಡತಕೋಶದೊಳಗೆ ಒಂದು ಆಜ್ಞೆಯಿಂದ ಅದನ್ನು ಹೂಡಿ, ಇನ್ನೊಂದು ಆಜ್ಞೆಯಿಂದ ಅದರೊಳಗೆ ಹೋಗಿ, ಬೇಕಾದ್ದನ್ನು ಅಲ್ಲಿ ಹಾಕಿಕೊಂಡರೆ ಮನೆಯವರಿಗೆ ತೊಂದರೆಯಿಲ್ಲ. ಕೆಟ್ಟರೆ ಆ ಕೋಶವೊಂದನ್ನೇ ಅಳಿಸಿ ಮತ್ತೆ ಹೂಡಬಹುದು.

ಅದರ ನಂತರವೂ ಕಿಟಕಿ ಏಳಲಿಲ್ಲ. ಮದುವೆ ಮನೆಯಲ್ಲಿ ಎಲ್ಲ ಸಿದ್ಧವಾಗಿ ದೀಪ ಹಚ್ಚಲು ಬೆಂಕಿಪೆಟ್ಟಿಗೆ ಇಲ್ಲದ ಹಾಗೆ, ಇಲಿಯ ಬಾಣದ ಗುರುತನ್ನು ನೋಡಿಕೊಳ್ಳುವ ಒಂದು ಸಣ್ಣ ಕಡತ ಬೇಕಾಗಿತ್ತು. ಕ್ಯೂಟ್ 6.5ರಿಂದ ಈಚೆಗೆ ಅದು ಅವಶ್ಯ. ಹಾಗೆಂದು ಸಂದೇಶದಲ್ಲೇ, ಕಡತದ ಹೆಸರು ಸಮೇತ, ಬರೆದಿರುತ್ತದೆ. ಓದುವ ವ್ಯವಧಾನ ಬೇಕು ಅಷ್ಟೆ. ಅಣ್ಣನ ಮಗನಂಥವರು ಸಂದೇಶ ಬಂದ ಕೂಡಲೇ ಅದನ್ನು ನಕಲು ಮಾಡಿ ಎಲ್ಲೋ ಹುಡುಕಲು ಓಡುತ್ತಾರೆ. ಪೈಥಾನಿನ ದೂರುಗಳನ್ನು ಕೊನೆಯ ಸಾಲಿನಿಂದ ಮೇಲಕ್ಕೆ ಓದಬೇಕು. ವಿಷಯ ಇರುವುದು ಕೊನೆಯಲ್ಲಿ. ಪಾಲಕರು ರಜೆ ಚೀಟಿ ಬರೆಯುವುದೂ ಹಾಗೆಯೇ. ನಮಸ್ಕಾರ, ಕುಶಲ, ಮಳೆ ಬೆಳೆ ಎಲ್ಲ ಆದ ಮೇಲೆ ‘ಹುಡುಗನಿಗೆ ಜ್ವರ’.

ಮತ್ತೆ ಲಕ್ಷ್ಮಿ ಎಂದು ಬರೆದೆ. ಈ ಸಲ ಕ ತನ್ನ ಅಡಿಯಲ್ಲಿ ಷ, ಮ ಎರಡನ್ನೂ ಇಟ್ಟುಕೊಂಡು ಗುಡಿಸು ಹೊತ್ತು ಚೆಂದಾಗಿ ನಿಂತಿತು. ರಾತ್ರಿ ಹನ್ನೊಂದೂವರೆ. ಮನೆಯವರನ್ನು ಎಬ್ಬಿಸಿ ತೋರಿಸಿದರೆ, “ಲಕ್ಷ್ಮಿ ಅಂತ ಇದೆ, ಅದರಲ್ಲೇನು?” ಎಂದು ಹೊರಳಿ ಮಲಗಿದರು.

ಬರೆಯುವ ಹಲಗೆಗೆ ಜೀನಿ ಎಂಬ ಸಣ್ಣ ಸಂಪಾದಕವನ್ನು ಇಟ್ಟುಕೊಂಡಿದ್ದೇನೆ. ಹೊಸಬರಿಗೆಂದು ಎಸ್ಟೋನಿಯಾದ ತಾರ್ತು ವಿಶ್ವವಿದ್ಯಾಲಯದಲ್ಲಿ ರೂಪಿಸಿದ ಥಾನಿ ಬಹಳ ಒಳ್ಳೆಯದು, ಮಕ್ಕಳಿಗೆ ಕಲಿಸಲು ನಾನೂ ಅದನ್ನೇ ಹೇಳುತ್ತೇನೆ. ಆದರೆ ಅದೂ ಟಿಕೆಯಿಂದಲೇ ಕಟ್ಟಿದ್ದಾದ್ದರಿಂದ ಲಿನಕ್ಸಿನಲ್ಲಿ ಕನ್ನಡ ಬರೆಯುವವರಿಗೆ ಜೀನಿಯೇ ವಾಸಿ. ಹೆಸರುಗಳನ್ನು ಇಡಲು ಎಸ್‌ಕ್ಯೂಲೈಟ್. ಇದು 2000ದಲ್ಲಿ ರಿಚರ್ಡ್ ಹಿಪ್ ಅವರು ಬರೆದದ್ದು, ಪೈಥಾನಿನ ಜೊತೆಗೇ ಬರುತ್ತದೆ. ಎಲ್ಲ ದಾಖಲೆಯೂ ಒಂದೇ ಕಡತದಲ್ಲಿ. ಸಂಜೆ ಪೆನ್‌ಡ್ರೈವಿಗೆ ಒಂದು ಪ್ರತಿ ತೆಗೆದರೆ ಮುಗಿಯಿತು. ಬರೆಯುತ್ತಿರುವಾಗ ಕರೆಂಟು ಹೋದರೆ ಅರ್ಧ ಬರೆದದ್ದನ್ನು ಅಳಿಸಿ ಹಿಂದಿನ ಸ್ಥಿತಿಗೆ ಮರಳುವ ಏರ್ಪಾಡು ಅದರಲ್ಲಿದೆ. ಆಷಾಢದ ಶಿರಸಿಯಲ್ಲಿ ಇದಕ್ಕಿಂತ ದೊಡ್ಡ ಗುಣ ಯಾವುದು?

ಒಂದು ವಿಷಯಕ್ಕೆ ಮಾತ್ರ ನಾನೇ ಕೈ ಹಾಕಬೇಕಾಯಿತು. ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸು ಎಂದರೆ ಕಮಲಾ, ಕಳಾವತಿ, ಕವಿತಾ ಎಂದು ಕೊಟ್ಟಿತು. ನಮ್ಮ ವರ್ಣಮಾಲೆಯಲ್ಲಿ ಯ ರ ಲ ವ ಶ ಷ ಸ ಹ ಳ, ಳಕಾರ ಕೊನೆಗೆ. ಯೂನಿಕೋಡಿನಲ್ಲಿ ಭಾರತದ ಲಿಪಿಗಳಿಗೆಲ್ಲ ಒಂದೇ ಅಚ್ಚು ಹಿಡಿದಿದ್ದಾರೆ, ಇಸ್ಕಿ ಎಂಬ ಹಿಂದಿನ ಸಂಕೇತದಿಂದ ಬಂದದ್ದು. ಅದರಲ್ಲಿ ಳ ಬಂದು ಲಕಾರದ ಪಕ್ಕ, ವಕಾರಕ್ಕಿಂತ ಮೊದಲೇ ಕುಳಿತಿದೆ. ಎಸ್‌ಕ್ಯೂಲೈಟಿಗೆ ನಮ್ಮದೇ ಕ್ರಮವನ್ನು ಹೇಳಿಕೊಡಲು ದಾರಿ ಇದೆ. ವರ್ಣಮಾಲೆಯನ್ನು ಒಂದು ಸಾಲಿನಲ್ಲಿ ಬರೆದು, ಈ ಸಾಲಿನ ಪ್ರಕಾರ ಹೋಲಿಸು ಎಂದೆ. ಈಗ ಕಮಲಾ, ಕವಿತಾ, ಕಳಾವತಿ.

ಹಳೆಯ ನುಡಿ ಕಡತಗಳ ಕತೆ ಇನ್ನೊಂದು. ನಿವೃತ್ತರಾದ ನಮ್ಮ ಸಹೋದ್ಯೋಗಿಯೊಬ್ಬರು ಬಹಳ ಹಿಂದೆಯೇ ಎರಡು ರಿಜಿಸ್ಟರಿನ ಹೆಸರುಗಳನ್ನು ಬೆರಳಚ್ಚಿಸಿಟ್ಟಿದ್ದರು. ಪುಣ್ಯಾತ್ಮರು. ಆದರೆ ಅದು ಯೂನಿಕೋಡಿಗೆ ಮುಂಚಿನ ರೀತಿ. ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದು, ಆ ಅಕ್ಷರರೂಪ ಇಲ್ಲದಿದ್ದರೆ ಅರ್ಥವಿಲ್ಲದ ಗೀಚು ಕಾಣುತ್ತದೆ. ಪರಿವರ್ತಿಸುವ ಉಚಿತ ಸಲಕರಣೆಗಳಿವೆ. ಅವುಗಳ ಒಳಗೆ ಇಣುಕಿದರೆ ಅರ್ಕಾವತ್ತಿಗೆ ಪ್ರತ್ಯೇಕ ನಿಯಮ ಇರುವುದು ಕಾಣುತ್ತದೆ. ಹಳೆಯ ರೀತಿಯಲ್ಲಿ ‘ಶರ್ಮ’ ಎಂಬುದರ ಅರ್ಕಾವತ್ತು ಕಣ್ಣಿಗೆ ಕಾಣುವಂತೆ ಮಕಾರದ ಆಮೇಲೆ. ಯೂನಿಕೋಡಿನಲ್ಲಿ ಕಿವಿಗೆ ಕೇಳುವಂತೆ ಮಕಾರದ ಮೊದಲು. ‘ಬರೆಯುವುದು ಹಿಂದೆ, ಓದುವುದು ಮುಂದೆ’ ಎಂದು ಪ್ರತಿವರ್ಷ ಹಲಗೆಯ ಮೇಲೆ ಬರೆದು ತೋರಿಸುವ ಪಾಠ ಇದು. ಅದೇ ಪಾಠವನ್ನು ಯಾರೋ ಪುಣ್ಯಾತ್ಮ ಕಂಪ್ಯೂಟರಿಗೂ ಮಾಡಿಟ್ಟಿದ್ದ.

ಕಂಪ್ಯೂಟರು ಈಗ ಶಾಲೆಯ ಆಫೀಸು ಕೋಣೆಯಲ್ಲಿದೆ, ಪಕ್ಕದಲ್ಲಿ ಯುಪಿಎಸ್. ಸಂಜೆ ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಹೆಡ್‌ಮಾಸ್ತರರು ರಿಜಿಸ್ಟರು ನೋಡಿ ಓದುತ್ತಾರೆ, ನಾನು ಬೆರಳಚ್ಚಿಸುತ್ತೇನೆ. ಹುಟ್ಟಿದ ದಿನದ ಅಂಕಣ ಬಂದಾಗ ಅವರು ಬರೀ “ಅದೇ” ಎನ್ನುತ್ತಾರೆ. ಜೂನ್ 1 ಎಂದು ಅರ್ಥ. ಆ ಕಾಲದ ಮಾಸ್ತರರು ಅರ್ಧ ಊರನ್ನು ಅದೇ ದಿನ ಹುಟ್ಟಿಸಿದ್ದಾರೆ. ಐದು ರಿಜಿಸ್ಟರು ಮುಗಿದು ಆರನೆಯದು ನಡೆದಿದೆ. ಮೊದಲನೆಯದನ್ನು ಕೊನೆಗೆ ಇಟ್ಟುಕೊಂಡಿದ್ದೇವೆ. ಅದರ ಪುಟಗಳನ್ನು ಬಿಸಿಲಿನ ದಿನ ನೋಡಿ, ಮರದ ಪಟ್ಟಿ ಸರಿಸಿ ಮಗುಚಬೇಕು. ಮೊನ್ನೆ ನೋಡಿದೆ, ಅದರಲ್ಲಿ ಒಂದೇ ಪುಟದಲ್ಲಿ ನಾಲ್ಕು ಲಕ್ಷ್ಮಿಯರಿದ್ದಾರೆ. ಒಬ್ಬಳನ್ನು ಮಾಸ್ತರರು ಲಕ್ಷ್ಮೀ ಎಂದು ದೀರ್ಘ ಎಳೆದು ಬರೆದಿದ್ದಾರೆ, ಇನ್ನೊಬ್ಬಳನ್ನು ಲಕುಮಿ ಎಂದು. ಇವರೆಲ್ಲರನ್ನೂ ಒಂದೇ ಹುಡುಕಾಟದಲ್ಲಿ ಹಿಡಿಯುವುದು ಹೇಗೆ ಎಂದು ಈ ವಾರ ಅಣ್ಣನ ಮಗನಿಗೂ ನನಗೂ ಚರ್ಚೆ ನಡೆದಿದೆ.